ಒಂಬತ್ತನೆಯ ರೀಲು

ಷಡಕ್ಷರಿಯ ಕನ್ನಡಕದ ಅಂಗಡಿಯ ಗೋಡೆಯಲ್ಲಿ ಕಣ್ಣು ಪರೀಕ್ಷೆಯ ಹಲಗೆಯೊಂದು ತೂಗುತ್ತಿತ್ತು. ಮೇಲಿನ ಸಾಲಿನಲ್ಲಿ ಅಂಗೈಯಗಲದ ಒಂದೇ ಅಕ್ಷರ, ಅದರ ಕೆಳಗೆ ಎರಡು, ಹೀಗೆ ಇಳಿಯುತ್ತ ಕೊನೆಯ ಸಾಲಿಗೆ ಬರುವಾಗ ಅಕ್ಷರಗಳು ಸಾಸಿವೆಯಷ್ಟಾಗುತ್ತಿದ್ದವು. ವಾರದ ಆರು ದಿನ ಊರಿನವರು ಅದರೆದುರು ಒಂದು ಕಣ್ಣು ಮುಚ್ಚಿಕೊಂಡು ಕೂರುತ್ತಿದ್ದರು. ಭಾನುವಾರ ಸಂಜೆ ಷಡಕ್ಷರಿ ಹಲಗೆಯನ್ನು ತಿರುಗಿಸಿ ಹಾಕುತ್ತಿದ್ದ. ಹಿಂಬದಿಗೆ ಕಪ್ಪು ಬಣ್ಣ ಬಳಿದಿತ್ತು. ಅದರ ಮೇಲೆ ಸೀಮೆಸುಣ್ಣದಲ್ಲಿ ಎಪ್ಪತ್ತರ ದಶಕದ ಹತ್ತು ಸಿನಿಮಾಗಳ ಹೆಸರು. ಮೊದಲನೆಯ ಸ್ಥಾನದ್ದು ದಪ್ಪ ಅಕ್ಷರದಲ್ಲಿ, ಎರಡನೆಯದು ಅದಕ್ಕಿಂತ ಸಣ್ಣದಾಗಿ, ಹತ್ತನೆಯದು ಬೆಂಚಿನಿಂದ ಓದಲಾಗದಷ್ಟು ಚಿಕ್ಕದಾಗಿ. ತನ್ನ ಮೆಚ್ಚಿನ ಚಿತ್ರ ಹತ್ತಕ್ಕೆ ಇಳಿದವನು ಎದ್ದು ಹತ್ತಿರ ಹೋಗಿಯೇ ನೋಡಬೇಕು. ಆ ಅವಮಾನವನ್ನು ಬೇಕೆಂದೇ ಇಟ್ಟುಕೊಂಡಿದ್ದೆವು.

ನಾವು ಆರು ಮಂದಿ. ಎಲ್ಲರೂ ಕೆಲಸದಿಂದ ನಿವೃತ್ತರಾದವರು, ಷಡಕ್ಷರಿಯೊಬ್ಬನನ್ನು ಬಿಟ್ಟು. ಊರಿನಲ್ಲಿ ಒಂದು ಕಾಲಕ್ಕೆ ಎರಡು ಟಾಕೀಸುಗಳಿದ್ದವು. ಏರಿನ ಮೇಲಿದ್ದದ್ದಕ್ಕೆ ಮೇಲಿನ ಟಾಕೀಸು, ಎಣ್ಣೆ ಗಿರಣಿಯ ಪಕ್ಕದ್ದಕ್ಕೆ ಕೆಳಗಿನ ಟಾಕೀಸು ಎಂದೇ ಹೆಸರು. ಈಗ ಒಂದು ಮದುವೆ ಛತ್ರ, ಇನ್ನೊಂದು ಗೋದಾಮು. ಎರಡೂ ತುಂಬಿ ನಡೆದ ಆ ಹತ್ತು ವರ್ಷಗಳನ್ನೇ ನಾವು ಮತ್ತೆ ಮತ್ತೆ ಶ್ರೇಯಾಂಕ ಹಚ್ಚಿ ಜೋಡಿಸುತ್ತಿದ್ದೆವು. ಬ್ಯಾಂಡ್ ಬಾರಿಸುತ್ತಿದ್ದ ಲೂಯಿಸ್ ಮಾಸ್ಟರು ಪಿಟೀಲಿಗೆ ಪ್ರತ್ಯೇಕ ಅಂಕ ಬೇಕೆಂದು ವಾದಿಸುತ್ತಿದ್ದರು. ಕತ್ತಿವರಸೆಯ ಒಂದೇ ಕಾರಣಕ್ಕೆ 'ಬೆಳ್ಳಿ ಲಗಾಮು' ಎಂಬ ಚಿತ್ರವನ್ನು ಷಡಕ್ಷರಿ ನಾಲ್ಕು ವರ್ಷ ಮೂರನೆಯ ಸ್ಥಾನದಲ್ಲಿ ಕಾಪಾಡಿಕೊಂಡಿದ್ದ.

ಪಟ್ಟಿಗೆ ನಿಯಮ ಮಾಡಿದವನು ನಾನು. ಊರಿನ ದಿನಪತ್ರಿಕೆಯಲ್ಲಿ ಮೂವತ್ತೊಂದು ವರ್ಷ ಉಪಸಂಪಾದಕನಾಗಿದ್ದವನು. ಯಾವ ಸಂಗತಿಗೂ ಕಣ್ಣಾರೆ ಕಂಡ ಇಬ್ಬರು ಬೇಕು ಎಂಬುದು ಅಲ್ಲಿಯ ಪದ್ಧತಿ. ಅದನ್ನೇ ಇಲ್ಲಿಗೂ ತಂದೆ. ಒಂದು ಚಿತ್ರದ ಬಗ್ಗೆ ಯಾರೇ ಏನೇ ಹೇಳಲಿ, ಅದನ್ನು ಟಾಕೀಸಿನಲ್ಲಿ ಕೂತು ನೋಡಿದ ಇನ್ನೊಬ್ಬರು ಹೌದೆನ್ನಬೇಕು. ಯಾರೋ ಹೇಳಿ ಕೇಳಿದ್ದು, ಎಲ್ಲೋ ಓದಿದ್ದು ನಡೆಯದು. ತಕರಾರು ಬಂದರೆ ತೀರ್ಪು ನನ್ನದು. ವರ್ಷ, ನಿರ್ಮಾಪಕ, ಎಷ್ಟು ವಾರ ಓಡಿತು ಎಂಬುದೆಲ್ಲ ನನ್ನ ನೆನಪಿನಲ್ಲಿರುತ್ತಿತ್ತು. 'ಸಂಪಾದಕರು ಹೇಳಿದ್ಮೇಲೆ ಮುಗೀತು' ಎಂದು ಷಡಕ್ಷರಿ ಹೇಳುವಾಗ ನಾನು ಕನ್ನಡಕ ಒರೆಸಿಕೊಳ್ಳುತ್ತಿದ್ದೆ. ಅದನ್ನು ಕೇಳಲಿಕ್ಕೆಂದೇ ಪ್ರತಿ ಭಾನುವಾರ ಹೋಗುತ್ತಿದ್ದೆ ಎಂದರೂ ತಪ್ಪಿಲ್ಲ.

ಮೊದಲನೆಯ ಸ್ಥಾನದಲ್ಲಿ ಮೂರು ವರ್ಷದಿಂದ 'ಮೂರನೇ ಗಂಟೆ' ಇತ್ತು. ಒಬ್ಬ ಸ್ಟೇಷನ್ ಮಾಸ್ಟರನ ಕತೆ. ಒಳ್ಳೆಯ ಚಿತ್ರವೇ. ಆದರೆ ನಾನು ಅದರ ಪರವಾಗಿ ನಿಂತದ್ದಕ್ಕೆ ಬೇರೆ ಕಾರಣವಿತ್ತು, ಅದು ಎಲ್ಲರಿಗೂ ಗೊತ್ತಿತ್ತು. ಮದುವೆಯಾದ ಎರಡನೆಯ ವಾರ ನನ್ನ ಹೆಂಡತಿ ವಿಶಾಲಾಕ್ಷಿಯನ್ನು ಮೇಲಿನ ಟಾಕೀಸಿಗೆ ಕರೆದುಕೊಂಡು ಹೋಗಿ ತೋರಿಸಿದ ಚಿತ್ರ ಅದು. ಅವಳೂ ಇದೇ ಊರಿನವಳು, ತಂದೆ ಬಹಳ ಕಟ್ಟುನಿಟ್ಟಿನವರು. ಹೆಣ್ಣು ನೋಡಲು ಹೋದಾಗ ಅವಳ ತಾಯಿ, 'ನಮ್ಮ ಹುಡುಗಿ ಇನ್ನೂ ಒಂದು ಸಿನಿಮಾ ಕಂಡಿಲ್ಲ' ಎಂದು ಹೇಳಿದ್ದರು. ರೈಲು ಎದುರಿನಿಂದ ನುಗ್ಗಿ ಬಂದು ಪರದೆಯನ್ನು ತುಂಬುವ ಗಳಿಗೆಯಲ್ಲಿ ಅವಳು ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಈ ಸಂಗತಿಯನ್ನು ಅಂಗಡಿಯಲ್ಲಿ ಎಷ್ಟು ಸಲ ಹೇಳಿದ್ದೆನೋ, ಲೂಯಿಸ್ ಮಾಸ್ಟರು ನಾನು ಬಾಯಿ ತೆರೆಯುವ ಮೊದಲೇ ಪಕ್ಕದವರ ಕೈ ಹಿಡಿದು ಕಣ್ಣು ಅಗಲಿಸಿ ತೋರಿಸುತ್ತಿದ್ದರು. ನಾನೂ ನಗುತ್ತಿದ್ದೆ. ಒಬ್ಬ ಮನುಷ್ಯನಿಗೆ ಬದುಕಿನ ಮೊದಲ ಸಿನಿಮಾ ತೋರಿಸಿದವನು ನಾನು ಎಂಬ ಹೆಮ್ಮೆಗೆ ಆ ನಗು ಏನೂ ಮಾಡುತ್ತಿರಲಿಲ್ಲ.

ಸೀತಾಪತಿ ನಮ್ಮ ಗುಂಪಿಗೆ ಬಂದದ್ದು ಇದೆಲ್ಲ ನಡೆದ ವರ್ಷವೇ. ತಂತಿ ಕಚೇರಿಯಲ್ಲಿದ್ದವರು, ಹರೆಯದಲ್ಲಿ ಇದೇ ಊರಿನ ಕೆಳಗಿನ ಕೇರಿಯಲ್ಲಿದ್ದು, ವರ್ಗವಾಗಿ ಊರೂರು ತಿರುಗಿ, ಹೆಂಡತಿ ತೀರಿಕೊಂಡ ಮೇಲೆ ಮತ್ತೆ ಅದೇ ಕೇರಿಯಲ್ಲಿ ಮನೆ ಹಿಡಿದಿದ್ದರು. ಅವರಿಗೆ ಇಸವಿಗಳು ಗೊತ್ತಿರಲಿಲ್ಲ. ನಟರ ಹೆಸರನ್ನು ಅದಲುಬದಲು ಮಾಡುತ್ತಿದ್ದರು. ಆದರೆ ಒಂದು ದೃಶ್ಯವನ್ನು ಹೇಳತೊಡಗಿದರೆ ಷಡಕ್ಷರಿ ಅಂಗಡಿಯ ಫ್ಯಾನು ನಿಲ್ಲಿಸುತ್ತಿದ್ದ, ಸದ್ದು ಅಡ್ಡಿಯಾಗಬಾರದೆಂದು. ನಾನು ಮಾತನಾಡುವಾಗ ಯಾರೂ ಫ್ಯಾನು ನಿಲ್ಲಿಸಿದ್ದಿಲ್ಲ.

ಒಂದು ಭಾನುವಾರ ಅವರು 'ಕಡವಿನ ಮನೆ'ಯ ಮಾತೆತ್ತಿದರು. ಕಪ್ಪುಬಿಳುಪು ಚಿತ್ರ, ಏಳನೆಯ ಸ್ಥಾನದಲ್ಲಿತ್ತು. ಹೊಳೆಯ ಕಡವಿನಲ್ಲಿ ದೋಣಿ ನಡೆಸುವವನೊಬ್ಬ, ಅವನ ಹೆಂಡತಿ, ಕೊನೆಗೆ ಬರುವ ನೆರೆ. ನೆರೆಯಲ್ಲಿ ಹೆಂಡತಿ ಕೊಚ್ಚಿಹೋಗುತ್ತಾಳೆ. ಗಡ್ಡ ಬಿಟ್ಟ ಗಂಡ ಒಬ್ಬನೇ ದಡದಲ್ಲಿ ನಿಂತು ಹಗ್ಗ ಎಳೆಯುತ್ತಾನೆ, ಖಾಲಿ ದೋಣಿ ಬರುತ್ತದೆ. ಅಲ್ಲಿಗೆ ಶುಭಂ. ನಮಗೆಲ್ಲ ಗೊತ್ತಿದ್ದದ್ದು ಇಷ್ಟು. ಸೀತಾಪತಿ ಅಲ್ಲಿಗೆ ನಿಲ್ಲಿಸಲಿಲ್ಲ. ಕತ್ತಲಾಗುತ್ತದೆ, ಮತ್ತೆ ಬೆಳಕಾಗುತ್ತದೆ, ಹೊಳೆಯ ಮೇಲೆ ಮಂಜು, ಆ ಮಂಜಿನೊಳಗಿನಿಂದ ಒಂದು ದೋಣಿ ಬರುತ್ತದೆ, ಅದರಲ್ಲಿ ಅವಳು ಕೂತಿದ್ದಾಳೆ, ಗಂಡ ಮೊಣಕಾಲ ನೀರಿಗೆ ಇಳಿದು ನಿಲ್ಲುತ್ತಾನೆ, ಇಬ್ಬರೂ ಮಾತನಾಡುವುದಿಲ್ಲ, ಅಷ್ಟೇ ಎಂದರು. ಗಡ್ಡ ಬಿಟ್ಟವನ ಮುಖದಲ್ಲಿ ಆಗ ಗಡ್ಡ ಇತ್ತೇ ಎಂದು ನಾನು ಕೇಳಿದೆ. ಇರಲಿಲ್ಲ ಎಂದರು.

"ಅವಳು ಬರ್ತಾಳೆ ಅಂತ ಗೊತ್ತಾದ್ಮೇಲೆ ಬೋಳಿಸ್ಕೊಳ್ದೆ ಇರ್ತಾನಾ ಸಾರ್?"

ಎಲ್ಲರೂ ನಕ್ಕರು. ಲೂಯಿಸ್ ಮಾಸ್ಟರು, ಅದೇ ಕೊನೆಯಾದರೆ ಅದಕ್ಕಿಂತ ದೊಡ್ಡ ಚಿತ್ರ ಇಲ್ಲ ಎಂದರು. ನಾನು ಮೇಲಿನ ಟಾಕೀಸಿನಲ್ಲಿ ನೋಡಿದ್ದೇನೆ, ಅಂಥ ಕೊನೆ ಇಲ್ಲವೇ ಇಲ್ಲ ಎಂದೆ. ಎರಡು ವಾರದೊಳಗೆ ಇತ್ಯರ್ಥವಾಗಲಿ, ಅಲ್ಲಿಯವರೆಗೆ ಮೇಲಿರಲಿ ಎಂದು ಷಡಕ್ಷರಿ ಹಲಗೆ ಒರೆಸಿ, ಅಂಗೈಯಗಲದ ಅಕ್ಷರಗಳಲ್ಲಿ 'ಕಡವಿನ ಮನೆ' ಎಂದು ಬರೆದ. 'ಮೂರನೇ ಗಂಟೆ' ಎರಡನೆಯ ಸಾಲಿಗೆ ಇಳಿಯಿತು. ಬರೀ ಒಂದು ಸಾಲು. ಆದರೆ ಅಕ್ಷರ ಸಣ್ಣದಾದದ್ದು ಬೆಂಚಿನಿಂದ ಚೆನ್ನಾಗಿಯೇ ಕಂಡಿತು.

ಮನೆಗೆ ಬಂದು ವಿಶಾಲಾಕ್ಷಿಯ ಮುಂದೆ ಸೀತಾಪತಿಯನ್ನು ಅಣಕಿಸಿ ಹೇಳಿದೆ. ದೋಣಿ, ಮಂಜು, ಬೋಳಿಸಿದ ಗಡ್ಡ, ಎಲ್ಲ. ಅವಳು ಸೊಪ್ಪು ಬಿಡಿಸುತ್ತ ಕೇಳಿಸಿಕೊಂಡಳು. ತಲೆಯೆತ್ತದೆ, "ಸರಿಯಾಗೇ ಹೇಳಿದಾರಲ್ಲ. ಕೊನೇಲಿ ಅವಳು ಬರ್ತಾಳೆ" ಎಂದಳು.

ನಿನಗೆ ಹೇಗೆ ಗೊತ್ತು ಎಂದೆ. ಅವಳ ಕೈ ಒಂದು ಕ್ಷಣ ನಿಂತಿತು. ಯಾರೋ ಹೇಳಿದ್ದು, ಯಾವಾಗಲೋ ಎಂದು ಸೊಪ್ಪಿನ ತಟ್ಟೆ ತೆಗೆದುಕೊಂಡು ಒಳಗೆ ಹೋದಳು.

ಮರುದಿನ ಪತ್ರಿಕೆಯ ಕಚೇರಿಗೆ ಹೋಗಿ ಹಳೆಯ ಸಂಚಿಕೆಗಳನ್ನು ತೆಗೆಸಿದೆ. ಚಿತ್ರ ಬಿಡುಗಡೆಯಾದ ವಾರದ ವಿಮರ್ಶೆ ಸಿಕ್ಕಿತು. 'ಖಾಲಿ ದೋಣಿಯ ಕೊನೆಯ ದೃಶ್ಯ ಮನಸ್ಸಿನಲ್ಲಿ ಉಳಿಯುತ್ತದೆ' ಎಂದಿತ್ತು. ಬರೆದವನು ನಾನೇ. ಆಗ ನಾವು ಹೆಸರು ಹಾಕುತ್ತಿರಲಿಲ್ಲ. ಅಷ್ಟೇ ಸಾಕಿತ್ತು. ಆದರೆ ಒಂದೇ ತಪ್ಪನ್ನು ಇಬ್ಬರು ಒಂದೇ ರೀತಿಯಲ್ಲಿ ಹೇಳಿದರೆ ಅದು ತಪ್ಪಲ್ಲದಿರಬಹುದು ಎಂಬುದನ್ನೂ ನಾನು ಪತ್ರಿಕೆಯಲ್ಲೇ ಕಲಿತಿದ್ದೆ. ಹಾಗಾಗಿ ಮಂಗಳವಾರ ಘೌಸ್ ಸಾಹೇಬರನ್ನು ಹುಡುಕಿಕೊಂಡು ಹೋದೆ. ಕೆಳಗಿನ ಟಾಕೀಸಿನಲ್ಲಿ ಯಂತ್ರ ನಡೆಸುತ್ತಿದ್ದವರು, ಈಗ ಮನೆಯ ಜಗಲಿಯಲ್ಲಿ ಮಿಕ್ಸಿ ರಿಪೇರಿ ಮಾಡುತ್ತಿದ್ದರು.

ಚಿತ್ರದ ಹೆಸರು ಹೇಳುತ್ತಲೇ ಅವರು ಸ್ಕ್ರೂಡ್ರೈವರು ಕೆಳಗಿಟ್ಟರು. ಆ ಕಾಲದಲ್ಲಿ ನಮ್ಮ ಎರಡು ಟಾಕೀಸುಗಳಿಗೂ ಸೇರಿ ಒಂದೇ ಪ್ರಿಂಟು ಬರುತ್ತಿತ್ತು. ಮೇಲೆ ಆಟ ಶುರುವಾದ ಮುಕ್ಕಾಲು ಗಂಟೆಗೆ ಕೆಳಗೆ ಶುರು. ಮೇಲೆ ಓಡಿ ಮುಗಿದ ರೀಲಿನ ಡಬ್ಬಿಗಳನ್ನು ಒಬ್ಬ ಆಳು ಸೈಕಲ್ಲಿನ ಮೇಲೆ ಇಳಿಜಾರಿನಲ್ಲಿ ಕೆಳಗೆ ತರುತ್ತಿದ್ದ. ಇದು ನನಗೆ ಗೊತ್ತಿದ್ದ ವಿಷಯವೇ. ಗೊತ್ತಿರದಿದ್ದದ್ದನ್ನು ಸಾಹೇಬರು ಹೇಳಿದರು.

"ಅವತ್ತು ಗುರುವಾರ, ಆ ಪಿಕ್ಚರಿಗೆ ಕೊನೇ ದಿನ. ಮ್ಯಾಟಿನಿ. ಒಂಬತ್ತನೇ ಡಬ್ಬಿ ಮೇಲೇ ಉಳ್ಕೊಂಡಿತ್ತು, ಅವನು ಹತ್ತು ತಂದ್ಕೊಟ್ಟ. ನಾನು ನಂಬರು ನೋಡ್ದೆ ಏರಿಸ್ಬಿಟ್ಟೆ. ಒಂಬತ್ತು ಕೈಗೆ ಬರೋ ಹೊತ್ತಿಗೆ ಹದಿಮೂರು ಓಡ್ತಾ ಇತ್ತು. ಏನ್ ಮಾಡೋದು? ದುಡ್ಡು ಕೊಟ್ಟು ಕೂತೋರಿಗೆ ಒಂದು ರೀಲು ಕಮ್ಮಿ ಮಾಡೋಕೆ ಮನಸ್ಸು ಒಪ್ಪಲಿಲ್ಲ. ಹದಿನಾಲ್ಕು ಹಾಕಿ, ಶುಭಂ ಬರೋದಕ್ಕೆ ಮುಂಚೆ ಕತ್ತರಿಸಿ, ಒಂಬತ್ತು ಬಿಟ್ಟೆ."

ಒಂಬತ್ತನೆಯ ರೀಲಿನಲ್ಲಿ ಏನಿತ್ತೆಂದು ನನಗೆ ಆಗ ನೆನಪಾಯಿತು. ಹೆಂಡತಿ ಬಾಣಂತನ ಮುಗಿಸಿ ತವರಿನಿಂದ ದೋಣಿಯಲ್ಲಿ ಮರಳುವ ದೃಶ್ಯ. ಚಿತ್ರದ ನಡುವೆ ಅದು ಸಾಧಾರಣ ದೃಶ್ಯ, ನನ್ನ ವಿಮರ್ಶೆಯಲ್ಲಿ ಅದರ ಮಾತೇ ಇರಲಿಲ್ಲ. ಜನ ಗಲಾಟೆ ಮಾಡಲಿಲ್ಲವೇ ಎಂದು ಕೇಳಿದೆ. ಇಲ್ಲ, ಎಲ್ಲರೂ ಸುಮ್ಮನೆ ಕೂತಿದ್ದರು, ಅದಕ್ಕೇ ತಾವು ದೀಪ ಹಾಕುವುದನ್ನು ಸ್ವಲ್ಪ ತಡಮಾಡಿದ್ದಾಗಿ ಹೇಳಿದರು. ಇನ್ನೆಂದಾದರೂ ಹಾಗಾಗಿತ್ತೇ?

"ಇಲ್ಲ ಸಾರ್. ಅದೊಂದೇ ಆಟ. ಸಂಜೆ ಆಟಕ್ಕೆ ಸರಿಯಾಗೇ ಬಿಟ್ಟೆ. ಮಾರನೇ ದಿನ ಪ್ರಿಂಟು ಬೇರೆ ಊರಿಗೆ ಹೋಯ್ತು."

ಗೆದ್ದ ಸಂತೋಷದಲ್ಲಿ ಏರು ಹತ್ತುತ್ತಿದ್ದೆ. ಅರ್ಧ ದಾರಿಯಲ್ಲಿ ಕಾಲು ನಿಂತಿತು. ಆ ಕೊನೆಯನ್ನು ಇಡೀ ಲೋಕದಲ್ಲಿ ಕಂಡವರು ಒಂದು ಗುರುವಾರ ಮಧ್ಯಾಹ್ನ ಕೆಳಗಿನ ಟಾಕೀಸಿನಲ್ಲಿ ಕೂತಿದ್ದ ಇನ್ನೂರು ಮುನ್ನೂರು ಜನ ಮಾತ್ರ. ಅವರಲ್ಲಿ ಸೀತಾಪತಿ ಒಬ್ಬರು. ನಮ್ಮ ಮದುವೆಗೆ ಎರಡು ವರ್ಷ ಮುಂಚಿನ ಮಾತು. ಯಾರೋ ಹೇಳಿದ್ದು ಎಂದಿದ್ದಳು ವಿಶಾಲಾಕ್ಷಿ. ಇರಬಹುದು. ಇಲ್ಲದೆಯೂ ಇರಬಹುದು. ಹರೆಯದ ಸೀತಾಪತಿ ಹೇಗಿದ್ದಿರಬಹುದು ಎಂದು ಆ ಏರಿನಲ್ಲಿ ನಿಂತು ಯೋಚಿಸಿದೆ. ಈಗಲೂ ಅವರಿಗೆ ತಲೆ ತುಂಬ ಕೂದಲಿತ್ತು.

ಅದೇ ವಾರದ ಗುರುವಾರ ಸೀತಾಪತಿಯನ್ನು ಕಾಫಿಗೆ ಮನೆಗೆ ಕರೆದೆ. ಸ್ನೇಹಕ್ಕಲ್ಲ. ಇಬ್ಬರನ್ನೂ ಒಂದೇ ಕೋಣೆಯಲ್ಲಿ ಕೂರಿಸಿ ನೋಡಬೇಕಿತ್ತು. ಅವರು ಬಂದು ಕೂತರು, ವಿಶಾಲಾಕ್ಷಿ ಲೋಟ ತಂದಿಟ್ಟಳು. ಪರಿಚಯದ ಒಂದು ಎಳೆಯೂ ಇಬ್ಬರ ಮುಖದಲ್ಲಿ ಕಾಣಲಿಲ್ಲ. ಅದರಿಂದ ನನಗೆ ಸಮಾಧಾನವಾಗಲಿಲ್ಲ. ಇಷ್ಟು ಚೆನ್ನಾಗಿ ಮುಚ್ಚಿಡುತ್ತಾರೆ ಎಂದುಕೊಂಡೆ. ಮಾತನ್ನು ನಾನೇ 'ಕಡವಿನ ಮನೆ'ಗೆ ಎಳೆದೆ. ಸೀತಾಪತಿ ಮತ್ತೆ ಆ ಮಂಜಿನೊಳಗೆ ಹೊಕ್ಕರು. ಅವಳು ದೋಣಿಯಲ್ಲಿ ಕೂತಿದ್ದಾಳೆ, ತೊಡೆಯ ಮೇಲೆ ಒಂದು ಬುಟ್ಟಿ ಎಂದರು.

"ಬುಟ್ಟಿ ಅಲ್ಲ, ತೊಟ್ಟಿಲು," ಬಾಗಿಲ ಬಳಿ ನಿಂತಿದ್ದ ವಿಶಾಲಾಕ್ಷಿ ಹೇಳಿದಳು. "ಬಟ್ಟೆ ಸುತ್ತಿತ್ತಲ್ಲ, ಅದಕ್ಕೆ ಹಾಗೆ ಕಂಡಿರುತ್ತೆ."

"ಹೌದು ತಾಯಿ, ತೊಟ್ಟಿಲೇ. ಒಂದು ಕಾಲು ಬಟ್ಟೆಯಿಂದ ಹೊರಗೆ ಚಾಚಿತ್ತು."

"ಅದನ್ನ ಅವಳು ಸೆರಗಿಂದ ಮುಚ್ತಾಳೆ," ಎಂದಳು ಅವಳು.

ಇಬ್ಬರೂ ನಕ್ಕರು, ಒಂದೇ ಊರಿನವರು ದೂರದಲ್ಲೆಲ್ಲೋ ಭೇಟಿಯಾದಾಗ ನಗುವ ಹಾಗೆ. ಬಟ್ಟೆಯಿಂದ ಹೊರಗೆ ಚಾಚಿದ ತೊಟ್ಟಿಲ ಕಾಲನ್ನು ಯಾರೂ ಯಾರಿಗೂ ಹೇಳಿ ದಾಟಿಸುವುದಿಲ್ಲ. ಅದನ್ನು ಕಂಡೇ ತಿಳಿಯಬೇಕು. ನಾನು ಕಾಫಿ ಕುಡಿದೆ. ಅದರ ರುಚಿ ನೆನಪಿಲ್ಲ.

ಹೊರಡುವಾಗ ಸೀತಾಪತಿ ಬಾಗಿಲಲ್ಲಿ ನಿಂತು, ತೊಟ್ಟಿಲು ಮರೆತುಹೋಗಿತ್ತು ನೋಡಿ ಎಂದು ಸಣ್ಣಗೆ ಹೇಳಿದರು. ಅವರ ಅಣ್ಣನಿಗೆ ಇದೇ ವಯಸ್ಸಿನಲ್ಲಿ ಮರೆವು ಹಿಡಿದು, ಕೊನೆಕೊನೆಗೆ ಹೆತ್ತ ಮಕ್ಕಳನ್ನೇ ಯಾರು ಎಂದು ಕೇಳುತ್ತಿದ್ದರಂತೆ. ಆ ಭಯಕ್ಕೆ ತಾವು ದಿನಾ ಬೆಳಿಗ್ಗೆ ಒಂದು ಹಳೆಯ ಸಿನಿಮಾವನ್ನು ಮೊದಲಿನಿಂದ ಕೊನೆಯವರೆಗೆ ಮನಸ್ಸಿನಲ್ಲೇ ಓಡಿಸಿ ನೋಡಿಕೊಳ್ಳುವುದಾಗಿ ಹೇಳಿದರು. ನಾನು ತಲೆಯಾಡಿಸಿದೆ. ನನ್ನ ತಲೆಯಲ್ಲಿ ಸೆರಗು ಓಡುತ್ತಿತ್ತು.

ಭಾನುವಾರ ಸಂಜೆ ಹಲಗೆ ತಿರುಗಿತು. ನಾನು ಹಳೆಯ ಸಂಚಿಕೆಯ ಪ್ರತಿಯನ್ನು ಮೇಜಿನ ಮೇಲೆ ಹರಡಿದೆ. ಖಾಲಿ ದೋಣಿಯ ಸಾಲನ್ನು ಗಟ್ಟಿಯಾಗಿ ಓದಿದೆ.

"ಓದಿದ್ದು ನಡೆಯೋದಿಲ್ಲ ಅಂತ ನೀವೇ ನಿಯಮ ಮಾಡಿದ್ರಲ್ಲ ಸಾರ್?" ಎಂದ ಷಡಕ್ಷರಿ.

ಇದು ನೋಡಿದವನೇ ಬರೆದದ್ದು, ಹಾಗಾಗಿ ಸಾಕ್ಷಿಯೇ, ಒಬ್ಬ ಅವನು, ಇನ್ನೊಬ್ಬ ನಾನು, ಇಬ್ಬರಾದರು ಎಂದೆ. ಆ ಇಬ್ಬರೂ ಒಬ್ಬನೇ ಎಂದು ಹೇಳಲಿಲ್ಲ. ಘೌಸ್ ಸಾಹೇಬರ ಹೆಸರೆತ್ತಲಿಲ್ಲ. ಸೀತಾಪತಿ ಹೇಳುವ ಕೊನೆಯನ್ನು ಕಂಡವರು ಇನ್ನೊಬ್ಬರು ಇದ್ದರೆ ಹೇಳಲಿ ಎಂದೆ.

ಸೀತಾಪತಿ, "ಮೊನ್ನೆ ನಿಮ್ಮ ಮನೆಯವರೂ..." ಎಂದು ಶುರುಮಾಡಿದರು.

"ಅವಳು ಮದುವೆಗೆ ಮುಂಚೆ ಸಿನಿಮಾ ನೋಡಿದವಳೇ ಅಲ್ಲ. ಯಾರೋ ಹೇಳಿದ್ದನ್ನ ಕೇಳಿರೋದು ಅದು."

ಎಲ್ಲರೂ ಹೌದೆಂದರು. ಅವರಿಗೆ ಅದು ನೂರು ಸಲ ಕೇಳಿ ಗೊತ್ತಿದ್ದ ಸಂಗತಿ. ಅಷ್ಟು ವರ್ಷ ನಿಜವೆಂದು ನಂಬಿ ಹೇಳುತ್ತ ಬಂದ ಮಾತನ್ನು ನಾನು ಮೊದಲ ಬಾರಿಗೆ, ಸುಳ್ಳೆಂದು ತಿಳಿದು ಹೇಳಿದ್ದೆ.

ಸೀತಾಪತಿ ಪತ್ರಿಕೆಯ ಪ್ರತಿಯನ್ನು ಹತ್ತಿರ ಎಳೆದುಕೊಂಡು ಆ ಸಾಲನ್ನು ಎರಡು ಸಲ ಓದಿದರು. ಯಾರನ್ನೂ ನೋಡದೆ, "ಅಣ್ಣನಿಗೂ ಹೀಗೇ ಶುರುವಾಗಿದ್ದು. ಇಲ್ಲದ್ದು ಕಾಣೋದು," ಎಂದರು. ಚಪ್ಪಲಿ ಮೆಟ್ಟಿಕೊಂಡು ಮೆಟ್ಟಿಲಿಳಿದು ಹೋದರು. ಷಡಕ್ಷರಿ ಹಲಗೆ ಒರೆಸಿ 'ಮೂರನೇ ಗಂಟೆ' ಎಂದು ಮೇಲೆ ದಪ್ಪಕ್ಷರದಲ್ಲಿ ಬರೆದ. ಲೂಯಿಸ್ ಮಾಸ್ಟರು ಅವತ್ತು ಯಾರ ಕೈಯನ್ನೂ ಹಿಡಿದು ತೋರಿಸಲಿಲ್ಲ.

ಮನೆಗೆ ಬಂದಾಗ ಇನ್ನೂ ಬಿಸಿಲಿತ್ತು. ವಿಶಾಲಾಕ್ಷಿ ಹಿತ್ತಲಿನ ತಂತಿಯಿಂದ ಬಟ್ಟೆ ತೆಗೆದು ತಂದು ಮಡಿಸುತ್ತಿದ್ದಳು. ನಡೆದದ್ದನ್ನು ಹೇಳಿದೆ, ಸೀತಾಪತಿಯ ಕೊನೆಯ ಮಾತನ್ನೂ ಸೇರಿಸಿ. ಯಾಕೆ ಸೇರಿಸಿದೆನೋ, ಪ್ರಾಯಶಃ ಅವಳ ಮುಖ ನೋಡಲಿಕ್ಕೆ. ಆಮೇಲೆ ವರದಿ ಒಪ್ಪಿಸುವವನ ಧ್ವನಿಯಲ್ಲಿ, ಆ ಕೊನೆಯನ್ನು ತೋರಿಸಿದ್ದು ಒಂದೇ ಆಟದಲ್ಲಿ, ಗುರುವಾರದ ಮ್ಯಾಟಿನಿ, ಕೆಳಗಿನ ಟಾಕೀಸು ಎಂದೆ.

ಅವಳು ಕೈಯಲ್ಲಿದ್ದ ಪಂಚೆಯನ್ನು ಪೂರ್ತಿ ಮಡಿಸಿ ಇಟ್ಟಳು. "ಹೌದು. ಗುರುವಾರ," ಎಂದಳು.

"ಯಾರ ಜೊತೆ?"

ಅವಳು ನನ್ನನ್ನು ನೋಡಿದಳು. ಅಷ್ಟು ಹೊತ್ತು ನನ್ನ ಮುಖವನ್ನು ಅವಳು ನೋಡಿ ಬಹಳ ವರ್ಷವಾಗಿತ್ತು.

"ಒಬ್ಬಳೇ. ಯಾರಾದ್ರೂ ಜೊತೆಗಿದ್ದಿದ್ರೆ ನಿಮಗೆ ಸುಲಭ ಆಗ್ತಿತ್ತೇನೋ."

ಹೊಲಿಗೆ ತರಗತಿಗೆ ಗುರುವಾರ ರಜೆಯಂತೆ. ಅದನ್ನು ಮನೆಯಲ್ಲಿ ಹೇಳಿರಲಿಲ್ಲವಂತೆ. ಗುರುವಾರ ಕೊನೆಯ ದಿನವಾದ್ದರಿಂದ ಮ್ಯಾಟಿನಿಗೆ ಹೆಂಗಸರ ಬೆಂಚುಗಳು ಖಾಲಿ ಇರುತ್ತಿದ್ದವು, ಗುರುತಿನವರು ಸಿಗುತ್ತಿರಲಿಲ್ಲ. ಒಂದೂವರೆ ವರ್ಷ ಹೋಗಿದ್ದಳು. ತಾಯಿಗೂ ಗೊತ್ತಿರಲಿಲ್ಲ. ನಾನು ಮನಸ್ಸಿನಲ್ಲೇ ಎಣಿಸಿದೆ, ಸುಮಾರು ಎಪ್ಪತ್ತು ಗುರುವಾರಗಳು. ನಮ್ಮ ಹಲಗೆಯ ಹತ್ತರಲ್ಲಿ ಎಂಟನ್ನಾದರೂ ಅವಳು ನನಗಿಂತ ಮೊದಲೇ ಕಂಡಿರಬೇಕು. ಒಬ್ಬ ಗಂಡಸಿನ ಮೇಲೆ ಕಟ್ಟಿಕೊಂಡಿದ್ದ ಮತ್ಸರಕ್ಕೆ ನಿಲ್ಲಲು ಜಾಗವಿಲ್ಲದಂತಾಯಿತು. ಅದು ಹೋಗಲಿಲ್ಲ. ಆ ಎಪ್ಪತ್ತು ಮಧ್ಯಾಹ್ನಗಳ ಮೇಲೆ, ಖಾಲಿ ಬೆಂಚಿನ ಮೇಲೆ, ನನ್ನ ಹೆಸರೂ ಗೊತ್ತಿಲ್ಲದೆ ಅಲ್ಲಿ ಸುಖವಾಗಿ ಕೂತಿದ್ದ ಆ ಹುಡುಗಿಯ ಮೇಲೆ ಹೋಗಿ ಕೂತಿತು.

ಹೇಳಬಹುದಿತ್ತಲ್ಲ ಎಂದೆ. ನೀವು ಅಷ್ಟು ಉಮೇದಿನಿಂದ ಕರೆದುಕೊಂಡು ಹೋಗಿದ್ದಿರಿ, ಟಿಕೆಟ್ಟನ್ನು ಹೇಗೆ ಹರಿಯುತ್ತಾರೆ ಎಂಬುದನ್ನೂ ವಿವರಿಸಿದಿರಿ, ಆಮೇಲೆ ಹೇಳಲಿಕ್ಕೆ ಜಾಗವೇ ಉಳಿಯಲಿಲ್ಲ ಎಂದಳು.

ಕೇಳಬಾರದಿತ್ತು, ಕೇಳಿದೆ. "ರೈಲು ಬಂದಾಗ ಕೈ ಹಿಡ್ಕೊಂಡೆಯಲ್ಲ. ಅದು?"

"ಹಿಡ್ಕೋಬೇಕು ಅನ್ನಿಸ್ತು, ಹಿಡ್ಕೊಂಡೆ. ಹೆದರಿ ಅಲ್ಲ."

ಜಂಬದಿಂದ ಜನರಿಗೆ ಹೇಳಿಕೊಂಡು ತಿರುಗಿದ ಸಂಗತಿಯಲ್ಲಿ ಸಂಗತಿ ಸರಿಯಿತ್ತು, ಕಾರಣ ತಪ್ಪಿತ್ತು. ತಪ್ಪು ಕಾರಣಕ್ಕಿಂತ ಸರಿಯಾದದ್ದು ದೊಡ್ಡದಾಗಿತ್ತು.

ಅವಳು ಇನ್ನೊಂದು ಬಟ್ಟೆ ಎತ್ತಿಕೊಂಡು, ಒಂದೇ ಆಟ ಯಾಕೆ ಎಂದು ಕೇಳಿದಳು. ಘೌಸ್ ಸಾಹೇಬರು ಹೇಳಿದ್ದನ್ನೆಲ್ಲ ಹೇಳಿದೆ, ಡಬ್ಬಿ, ಸೈಕಲ್ಲು, ಒಂಬತ್ತು, ಹದಿನಾಲ್ಕು. ಅವಳು ಬಟ್ಟೆಯನ್ನು ಮಡಿಸದೆ ಹಿಡಿದೇ ಇದ್ದಳು.

"ಹಾಗಾದ್ರೆ ಅವಳು ಬರೋದಿಲ್ಲ ಅನ್ನಿ."

ಇಲ್ಲ ಎಂದೆ. ಅವಳು ಕಿಟಕಿಯ ಕಡೆ ತಿರುಗಿದಳು. ಆಮೇಲೆ, "ಇದು ಅವರಿಗೆ ಗೊತ್ತಾ?" ಎಂದು ಕೇಳಿದಳು.

"ಇಲ್ಲ."

"ನಾನೂ ಅಲ್ಲೇ ಇದ್ದೆ ಅನ್ನೋದು?"

ನಾನು ಕನ್ನಡಕ ತೆಗೆದು ಒರೆಸತೊಡಗಿದೆ. ಅವಳು ಬಟ್ಟೆಯನ್ನು ಕುರ್ಚಿಯ ಮೇಲೆ ಹಾಗೇ ಹಾಕಿ, ಮುಖ ತೊಳೆದುಕೊಂಡು ಬಂದಳು.

"ಆ ಮನುಷ್ಯ ತನಗ್ಯಾವುದೋ ಕಾಯಿಲೆ ಶುರುವಾಯ್ತು ಅಂತ ಕೂತಿರ್ತಾರೆ. ಏಳಿ."

ಸೀತಾಪತಿಯ ಮನೆಗೆ ನಾನು ದೊಡ್ಡ ರಸ್ತೆಯಿಂದ ಹೋಗುವವನು, ಇಳಿಜಾರು, ಸಂತೆ ಮಾಳ, ಸುತ್ತುದಾರಿ. ಆ ದಾರಿಯ ಅರ್ಧದಲ್ಲಿ ಅವಳು ಎಡಕ್ಕೆ ತಿರುಗಿದಳು. ಎಣ್ಣೆ ಗಿರಣಿಯ ಗೋಡೆಗೂ ಕೆಳಗಿನ ಟಾಕೀಸಿನ ಹಿಂಗೋಡೆಗೂ ನಡುವೆ ಒಬ್ಬರು ಮಾತ್ರ ಹಾಯಬಹುದಾದ ಒಂದು ಸಂದು. ಮೂವತ್ತೊಂದು ವರ್ಷ ಊರಿನ ಸುದ್ದಿ ಬರೆದ ನಾನು ಅದನ್ನು ಕಂಡಿರಲಿಲ್ಲ. ಸೀತಾಪತಿಗೆ ನಾನು ಏನು ಹೇಳಬೇಕೆಂದು ಮನಸ್ಸಿನಲ್ಲಿ ವಾಕ್ಯಗಳನ್ನು ತಿದ್ದುತ್ತ ಅವಳ ಹಿಂದೆ ನಡೆದೆ. ಮೊದಲ ವಾಕ್ಯ, ತಪ್ಪು ನಿಮ್ಮದಲ್ಲ. ಎರಡನೆಯದು ಸಿದ್ಧವಾಗುತ್ತಿರಲಿಲ್ಲ.

ಇದು ಎಲ್ಲಿಗೆ ಹೋಗುತ್ತದೆ ಎಂದು ಕೇಳಿದೆ. ಬನ್ನಿ ಎಂದಷ್ಟೇ ಹೇಳಿ ಅವಳು ಮುಂದೆ ನಡೆದಳು, ವಯಸ್ಸು ಮರೆತವಳ ಹಾಗೆ, ಬೇಗಬೇಗ. ಮುಂದೆ ಒಂದು ಕಡೆ ಗಿರಣಿಯ ಗೋಡೆಯಿಂದ ತುಕ್ಕು ಹಿಡಿದ ಕೊಳವೆಯೊಂದು ದಾರಿಗಡ್ಡವಾಗಿ ಚಾಚಿತ್ತು. ಅದು ಬರುವ ಮೊದಲೇ, ನೋಡದೆಯೇ, ಅವಳು ತಲೆ ತಗ್ಗಿಸಿದಳು. ನಾನು ನೋಡಿ ತಗ್ಗಿಸಿದೆ.